ಕಡೆಯ ರೀಲಿನ ಧೂಳು

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಹೊಸ್ತಿಲ ಮೇಲೆ ಕೂತು ಉಗುರಿನ ಬಣ್ಣ ಅಳಿಸಿಕೊಳ್ಳುತ್ತಿದ್ದಳು. ಸಣ್ಣ ಬಾಟಲಿಯಿಂದ ಹತ್ತಿಗೆ ಏನೋ ಸುರಿದುಕೊಂಡು ತಿಕ್ಕುತ್ತಿದ್ದಳು. ಅದರ ವಾಸನೆ ಪಡಸಾಲೆಯವರೆಗೆ ಬಂತು. ಚೂಪಾದ, ಸ್ವಲ್ಪ ಸಿಹಿಯಾದ, ಮೂಗಿನೊಳಗೆ ತಣ್ಣಗೆ ಹತ್ತುವ ವಾಸನೆ... ಓದುತ್ತಿದ್ದ ಪೇಪರು ಮಡಚಿಟ್ಟೆ. ಐವತ್ತು ವರ್ಷದ ಹಿಂದೆ ನನ್ನ ಬೆರಳುಗಳು ಮೂರು ಹೊತ್ತೂ ಇದೇ ವಾಸನೆ ಹೊಡೆಯುತ್ತಿದ್ದವು. ತುಂಡಾದ ಫಿಲ್ಮು ಅಂಟಿಸುವ ಸಿಮೆಂಟಿನ ವಾಸನೆ. ಊಟಕ್ಕೆ ಕೂತರೆ ಅಮ್ಮ, ಮೊದಲು ಕೈ ತೊಳಕೊಂಡು ಬಾ, ರೊಟ್ಟಿಗೂ ನಿನ್ನ ಸಿನೆಮಾ ಹತ್ತುತ್ತದೆ ಎಂದು ಬೈಯುತ್ತಿದ್ದಳು.

ಈ ವಾಸನೆಗೆ ನನಗೆ ಟಾಕೀಸು ನೆನಪಾಗಬೇಕಿತ್ತು. ಅದು ಆಗಲಿಲ್ಲ, ಅಕ್ಕೋರು ನೆನಪಾದರು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಇವರು ನಮ್ಮೂರು ಇಂಡಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು, ನಮ್ಮ ನೆರೆಮನೆಯವರು. ನಮ್ಮಿಬ್ಬರ ಹಿತ್ತಿಲಿಗೂ ಒಂದೇ ಗೋಡೆ, ಎದೆಮಟ್ಟದ್ದು. ರಂಜಾನಿಗೆ ನಮ್ಮ ಮನೆಯ ಶಾವಿಗೆಯ ಸುರಕುಂಬಾ ಆ ಗೋಡೆ ದಾಟಿ ಅತ್ತ ಹೋಗುತ್ತಿತ್ತು, ಸಂಕ್ರಾಂತಿಗೆ ಅವರ ಮನೆಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇತ್ತ ಬರುತ್ತಿತ್ತು. ಮೂವತ್ತೆರಡು ದಾಟಿದ್ದರೂ ಅವರಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡಿದ್ದರು. ತಂದೆಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಎರಡೂ ಬಿದ್ದಿದ್ದವು, ನಾಲಿಗೆ ಮಾತ್ರ ಚೆನ್ನಾಗಿತ್ತು. ಆ ನಾಲಿಗೆಯಿಂದ ಮುದುಕ ಹೊರಡಿಸುತ್ತಿದ್ದ ಬೈಗುಳಗಳು ಓಣಿಯ ಆ ತುದಿಗೆ ಕೇಳುತ್ತಿದ್ದವು. ಊರವರೆಲ್ಲ ‘ಪಾಪ ಅಕ್ಕೋರು’ ಅನ್ನುತ್ತಿದ್ದರು. ಪಾಪ ಅಂದವರಲ್ಲಿ ಒಬ್ಬರಾದರೂ ಒಂದು ದಿನ ಬಂದು ಮುದುಕನ ಮಗ್ಗಲು ಬದಲಿಸಿದವರಲ್ಲ.

ನಾನಾಗ ಇಪ್ಪತ್ತನಾಲ್ಕರ ಹುಡುಗ. ಸಂತೆ ಬಯಲಿನ ಹಿಂದಿದ್ದ ತಗಡಿನ ಟಾಕೀಸಿನಲ್ಲಿ ಆಪರೇಟರ್. ಅಕ್ಕೋರು ನನ್ನನ್ನು ‘ತಮ್ಮಾ’ ಎಂದು ಕರೆಯುತ್ತಿದ್ದರು. ಅವರು ಹಾಗೆ ಕರೆದಾಗಲೆಲ್ಲ ನನಗೆ ಒಂದಿಷ್ಟು ಖುಷಿ, ಒಂದಿಷ್ಟು ಸಂಕಟ. ಅವರ ಮೇಲೆ ನನಗೆ ಮನಸ್ಸಿತ್ತು ಎಂದು ಬರೆಯಲು ಈ ವಯಸ್ಸಿನಲ್ಲೂ ಕೈ ಹಿಂಜರಿಯುತ್ತದೆ. ಬರೆದೆ, ಮುಗಿಯಿತು. ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ.

ದಿನಾ ಸಂಜೆ ದವಾಖಾನೆಯ ಕಂಪೌಂಡರು ಸೈಕಲ್ಲಿನ ಮೇಲೆ ಬಂದು ಮುದುಕನಿಗೆ ಸೂಜಿ ಮಾಡಿ ಹೋಗುತ್ತಿದ್ದರು. ನಲವತ್ತರ ಒಳಗಿನ ವಯಸ್ಸು, ಒಂಟಿ ಮನುಷ್ಯ, ಜಾತಿ ಬೇರೆ. ಅಂಗಿಯ ಕೊರಳಿನವರೆಗೂ ಗುಂಡಿ ಹಾಕಿಕೊಳ್ಳುವವರು. ಆಗ ಗಾಜಿನ ಸಿರಿಂಜು, ಪ್ರತಿ ಸಲ ನೀರಲ್ಲಿ ಕುದಿಸಬೇಕು. ಹಿತ್ತಿಲ ಒಲೆಯ ಮೇಲೆ ಅಕ್ಕೋರು ನೀರಿಡುತ್ತಿದ್ದರು. ಗೋಡೆಯ ಈಚೆ ನಾನು ಮುಖ ತೊಳೆಯುತ್ತಿದ್ದರೆ ಅವರ ಮಾತು ಕೇಳುತ್ತಿತ್ತು. ‘ನೀರು ಕಾದಾವೇನ್ರಿ?’ ‘ಕಾದಾವ್ರಿ.’ ‘ಇವತ್ತ ಜ್ವರ ಇತ್ತೇನ್ರಿ ಅಪ್ಪಾರಿಗೆ?’ ‘ಇದ್ದಿಲ್ರಿ.’ ಎರಡು ವರ್ಷ ಇವೇ ನಾಲ್ಕು ಮಾತು. ಆದರೆ ಸೂಜಿ ಕುದಿಯಲು ಐದು ನಿಮಿಷ ಸಾಕು, ಅವರ ಹಿತ್ತಿಲಲ್ಲಿ ಅದು ಕಾಲು ತಾಸು ಕುದಿಯುತ್ತಿತ್ತು. ಇಬ್ಬರೂ ಒಲೆ ನೋಡುತ್ತ ನಿಂತಿರುತ್ತಿದ್ದರು. ಒಳಗಿಂದ ಮುದುಕ ಕೂಗಿದ ಮೇಲೆಯೇ ಕಂಪೌಂಡರು ಚಿಮಟ ಹಾಕಿ ಸೂಜಿ ಎತ್ತುವುದು.

ಎಪ್ಪತ್ತರ ದಶಕದ ನಡುವಿನ ಮಾತು. ಕಂಪೌಂಡರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಅದೇ ವಾರ ನಮ್ಮ ಟಾಕೀಸಿಗೆ ಆ ಚಿತ್ರ ಬಂತು. ಸಿಂದಗಿಯಲ್ಲಿ ಓಡಿ, ಬಸ್ಸಿನ ನೆತ್ತಿಯ ಮೇಲೆ ಡಬ್ಬಿಯಲ್ಲಿ ಬಂದದ್ದು. ನಮ್ಮಲ್ಲಿ ಮೂರು ದಿನ, ಆಮೇಲೆ ಮುದ್ದೇಬಿಹಾಳಕ್ಕೆ.

ಕಪ್ಪು ಬಿಳುಪಿನ ಚಿತ್ರ, ಒಂದು ಹಾಡಿಲ್ಲ, ಒಂದು ಹೊಡೆದಾಟವಿಲ್ಲ. ರಸ್ತೆ ಬದಿಯ ಒಂದು ಊರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಿರುವ ಒಬ್ಬ ಹೆಣ್ಣುಮಗಳು. ರಸ್ತೆಯ ಕೆಲಸಕ್ಕೆ ಬಂದವನೊಬ್ಬ ಅವರ ಕಟ್ಟೆಯ ಮೇಲೆ ನಾಲ್ಕು ತಿಂಗಳು ಇಳಿದುಕೊಳ್ಳುತ್ತಾನೆ. ಅವಳು ನೀರು ತರುತ್ತಾಳೆ, ಅವನು ಕುಡಿಯುತ್ತಾನೆ. ಅವನ ಹರಿದ ಅಂಗಿಗೆ ಅವಳು ಹೊಲಿಗೆ ಹಾಕಿ ಹಗ್ಗದ ಮೇಲೆ ಇಡುತ್ತಾಳೆ, ಅವನು ತೊಡುತ್ತಾನೆ. ಇಷ್ಟೇ. ಒಬ್ಬರಿಗೊಬ್ಬರು ಏನೂ ಹೇಳುವುದಿಲ್ಲ. ಒಂದು ಕಡೆ ಅವಳು ಬಾಗಿಲಲ್ಲಿ ನಿಂತು ಅವನ ಬೆನ್ನು ನೋಡುತ್ತಾಳೆ, ನೋಡಿಯೇ ನೋಡುತ್ತಾಳೆ... ಮೊದಲ ದಿನ ಆ ಹೊತ್ತಿಗೆ ನೆಲದ ಮೇಲೆ ಕೂತವನೊಬ್ಬ ಎದ್ದು, ‘ಏ ಆಪರೇಟರ್, ಮಿಷನ್ ನಿಂತೈತೇನು ನೋಡೋ’ ಎಂದು ಕೂಗಿದ. ಟಾಕೀಸೆಲ್ಲ ನಕ್ಕಿತು. ನಾನೂ ನಕ್ಕೆ. ನನಗೂ ಆ ಚಿತ್ರ ಬೇಸರವೇ ಆಗಿತ್ತು, ಸುಳ್ಳು ಏಕೆ ಹೇಳಲಿ.

ಆದರೆ ಕಡೆಯ ಎರಡು ನಿಮಿಷ ನನ್ನ ಬೀಡಿ ಆರಿಹೋಗಿತ್ತು. ಅವನು ಊರು ಬಿಡುವ ದಿನ ಅವಳು ನೀರಿಗೆ ಹೋಗುವವಳಂತೆ ಕೊಡ ಎತ್ತಿಕೊಂಡು ರಸ್ತೆಗೆ ಬರುತ್ತಾಳೆ. ಕಂಕುಳಲ್ಲಿ ಸಣ್ಣ ಗಂಟು. ಬಸ್ಸಿನ ಹಾರ್ನು ಕೇಳುತ್ತದೆ. ಅವಳು ತಿರುಗಿ ಮನೆಯ ಕಡೆ ನೋಡುತ್ತಾಳೆ. ಬಸ್ಸು ಬಂದು ಅವಳ ಮುಂದೆಯೇ ನಿಲ್ಲುತ್ತದೆ, ಅವಳು ಕಾಣುವುದಿಲ್ಲ. ಬಸ್ಸು ಹೋಗುತ್ತದೆ, ಬರೀ ಧೂಳು. ಆ ಧೂಳು ಕೂರುವವರೆಗೂ ಸುಮ್ಮನೆ ತೋರಿಸುತ್ತಾರೆ. ಕೂತ ಮೇಲೆ ಮೈಲುಗಲ್ಲಿನ ಪಕ್ಕ ಕೊಡ ಇದೆ, ಅವಳಿಲ್ಲ. ಹತ್ತಿದಳೋ, ಕೊಡ ಬಿಟ್ಟು ಮನೆಗೆ ಓಡಿದಳೋ, ತೋರಿಸುವುದೇ ಇಲ್ಲ. ಮುಗಿಯಿತು.

ಎರಡನೆಯ ದಿನ ಸಂಜೆ ನಾನು ಹಿತ್ತಿಲಲ್ಲಿದ್ದೆ. ಆಚೆ ಕಂಪೌಂಡರು ಎಂದಿನ ನಾಲ್ಕು ಮಾತು ಮುಗಿಸಿ ಐದನೆಯದಕ್ಕೆ ಕೈ ಹಾಕಿದರು. ‘ಬಾಗೇವಾಡ್ಯಾಗ ಮನಿ ದೊಡ್ಡದು ಸಿಕ್ಕೈತ್ರಿ. ಅಪ್ಪಾರಿಗೂ ಒಂದು ಖೋಲಿ ಆಕ್ಕೈತಿ.’ ಅಕ್ಕೋರು ಒಲೆಯ ಕಟ್ಟಿಗೆ ಮುಂದಕ್ಕೆ ದೂಡಿದರು. ನೀರು ಕುದಿಯುವ ಸದ್ದು ನನಗೂ ಕೇಳುತ್ತಿತ್ತು. ಆಮೇಲೆ ಕಂಪೌಂಡರು, ಪಾಪ, ಗಂಟಲು ಸರಿಮಾಡಿಕೊಂಡು ಮತ್ತೆ ಶುರುಮಾಡಿದರು. ‘ಟಾಕೀಸಿಗೆ ಬಂದ ಚಿತ್ರ ನಾಳಿ ನೋಡ್ರಿ. ನಾ ವಿಜಾಪುರದಾಗ ನೋಡೇನಿ. ಕಡೀಕ ಆ ಹೆಣ್ಮಗಳು ಏನ್ ಮಾಡ್ತಾಳ ನೋಡಿ ನನಗ ಹೇಳ್ರಿ. ನೀವು ಹೆಂಗ ಹೇಳ್ತೀರಿ, ಹಂಗ.’

ಅಕ್ಕೋರು, ‘ನೋಡ್ತೇನ್ರಿ’ ಅಂದರು.

ಜಗತ್ತಿನಲ್ಲಿ ಯಾರಾದರೂ ಹೀಗೆ ಹೆಣ್ಣು ಕೇಳಿದ್ದಾರೆಯೇ! ಬಾಯಿ ಬಿಟ್ಟು ಕೇಳುವ ಧೈರ್ಯವಿಲ್ಲದವರು, ಅಕ್ಕೋರು ಬಾಯಿ ಬಿಟ್ಟು ಇಲ್ಲ ಅನ್ನುವ ಕಷ್ಟವೂ ಬೇಡ ಎಂದು ಹುಡುಕಿದ ದಾರಿ ಅದು. ಎರಡು ಅರ್ಥವಿದ್ದ ಕಡೆ ಅಕ್ಕೋರು ಯಾವುದನ್ನು ಆರಿಸಿಕೊಂಡು ಹೇಳುತ್ತಾರೋ ಅದೇ ಉತ್ತರ. ನಾನು ಮುಖದ ಸೋಪು ತೊಳೆಯುವುದನ್ನೂ ಮರೆತು ನಿಂತಿದ್ದೆ. ಕಣ್ಣು ಉರಿಯಿತು.

ಮೂರನೆಯ ದಿನ ಸಂತೆ. ಸಂತೆಯ ದಿನ ಮಾತ್ರ ನಮ್ಮಲ್ಲಿ ಮಧ್ಯಾಹ್ನದ ಆಟವಿರುತ್ತಿತ್ತು. ತಾಂಬಾ, ಅಗರಖೇಡದ ಕಡೆಯವರು ಸಂತೆ ಮುಗಿಸಿ, ಚೀಲಗಳನ್ನು ತೊಡೆಯ ಸಂದಿಯಲ್ಲಿಟ್ಟುಕೊಂಡು ಚಿತ್ರ ನೋಡಿ, ಐದರ ಬಸ್ಸು ಹಿಡಿಯುತ್ತಿದ್ದರು. ಆ ಬಸ್ಸು ಬರುವುದರೊಳಗೆ ಆಟ ಮುಗಿಯಲೇಬೇಕು. ಉದ್ದದ ಚಿತ್ರ ಬಂದರೆ ನಾನು ಅಲ್ಲಲ್ಲಿ ಕತ್ತರಿ ಹಾಕುತ್ತಿದ್ದೆ, ತುಂಡುಗಳನ್ನು ಗೋಡೆಯ ಮೊಳೆಗೆ ಸಾಲಾಗಿ ತೂಗುಹಾಕಿ, ಡಬ್ಬಿ ಕಳಿಸುವ ಮುಂಚೆ ಮರಳಿ ಅಂಟಿಸುತ್ತಿದ್ದೆ. ಕತ್ತರಿಸುವುದು ತಪ್ಪಲ್ಲ, ಅಂಟಿಸದೆ ಕಳಿಸಿದರೆ ಹರಾಮು, ಇದು ನಮ್ಮ ಧಂದೆಯ ಇಮಾನು.

ಅವತ್ತು ಮಾಲಕರು ಊಟಕ್ಕೆ ಹೋಗುವ ಮುಂಚೆ ಮೇಲೆ ಬಂದು, ‘ಮಾತಾಡದ ಸುಮ್ಮ ನಿಂತದ್ದೆಲ್ಲಾ ತಗದು ಒಗಿ’ ಅಂದರು. ನಾನು ಹಾಗೆಯೇ ಮಾಡಿದೆ. ಅಂಗಿ ಹೊಲಿಯುವುದು ಹೋಯಿತು. ಬಾಗಿಲಲ್ಲಿ ನಿಂತು ಬೆನ್ನು ನೋಡುವುದು ಹೋಯಿತು. ಆ ಚಿತ್ರದಲ್ಲಿ ಇದ್ದದ್ದೆಲ್ಲ ಮಾತಿಲ್ಲದ ಕಡೆಯೇ ಇತ್ತೆಂದು ಅರ್ಥವಾಗುವ ವಯಸ್ಸೂ ಅಲ್ಲ ನನ್ನದು. ಕಡೆಯ ರೀಲು ಬಂತು. ಅವಳು ತಿರುಗಿ ಮನೆಯ ಕಡೆ ನೋಡುವಲ್ಲಿಗೆ ಕತ್ತರಿ ಇಟ್ಟೆ. ಮುಂದಿನದು ಬಸ್ಸು, ಧೂಳು, ಕೊಡ, ಎಲ್ಲ ಮಾತಿಲ್ಲದ್ದು. ಕತ್ತರಿಸಿದೆ.

ಆ ಕ್ಷಣ ನನಗೆ ಹಿಂದಿನ ಸಂಜೆ ನೆನಪಿತ್ತೇ? ಐವತ್ತು ವರ್ಷದಿಂದ ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಕೆಲವು ದಿನ ನೆನಪಿರಲಿಲ್ಲ ಅನ್ನಿಸುತ್ತದೆ, ಕೆಲವು ದಿನ ಇತ್ತು ಅನ್ನಿಸುತ್ತದೆ...

ಅಕ್ಕೋರು ಬಂದಿದ್ದರು. ನೀಲಿ ಅಂಚಿನ ಇಳಕಲ್ ಸೀರೆ, ಹಬ್ಬಕ್ಕೆ ಮಾತ್ರ ತೆಗೆಯುವುದು. ಕಿಂಡಿಯಿಂದ ನನಗೆ ಹೆಂಗಸರ ಕಡೆಯ ಮೊದಲ ಸಾಲು ಕಾಣುತ್ತಿತ್ತು. ಇಡೀ ಚಿತ್ರ ಅವರು ಅಲುಗಲಿಲ್ಲ. ಅವಳು ತಿರುಗಿ ಮನೆಯ ಕಡೆ ನೋಡಿದಳು, ಪರದೆ ಬೆಳ್ಳಗಾಯಿತು, ದೀಪ ಹತ್ತಿತು. ಜನ ಬಸ್ಸಿಗೆ ಓಡಿದರು. ಅಕ್ಕೋರು ಕೂತೇ ಇದ್ದರು. ಇನ್ನೂ ಏನೋ ಬರುತ್ತದೆ ಎಂದು ಕಾಯುತ್ತಿದ್ದಾರೆ ಅನ್ನುವುದು ಅವರ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಹೆಂಗಸರು ಆಪರೇಟರ್ ಖೋಲಿಯ ಮೆಟ್ಟಿಲು ಹತ್ತುವ ಪದ್ಧತಿಯಿಲ್ಲ. ಅಕ್ಕೋರು ಹತ್ತಿದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಚಪ್ಪಲಿ. ಮಾಲಕರು ಅಲ್ಲೇ ನಿಂತು ಟವೆಲ್ಲಿನಿಂದ ಕೊರಳು ಒರೆಸಿಕೊಳ್ಳುತ್ತಿದ್ದರು. ನನ್ನ ತಲೆಯ ಹಿಂದೆ ಮೊಳೆಗೆ ತುಂಡುಗಳು ತೂಗುತ್ತಿದ್ದವು.

‘ತಮ್ಮಾ, ಚಿತ್ರ ಇಷ್ಟ ಐತೇನು? ಮುಂದ ಏನೂ ಇಲ್ಲೇನು?’

‘ಇಲ್ರಿ ಅಕ್ಕೋರ, ಇಷ್ಟ ಐತಿ.’

‘ಅಂದ್ರ ಆಕಿ ಹೊಳ್ಳಿ ಮನಿಗೆ ಹೋದಳು...’

‘ಹೌದ್ರಿ. ಹೊಳ್ಳಿ ಹೋದಳ್ರಿ.’

ಅವರು ಎರಡು ಸಲ ಕೇಳಿದರು, ನಾನು ಎರಡು ಸಲ ಸುಳ್ಳು ಹೇಳಿದೆ. ಮಾಲಕರ ಭಯ ಎನ್ನಬಹುದು, ಕತ್ತರಿಸಿದ್ದು ನನ್ನ ಬಾಯಿಂದ ಊರಿಗೆ ಬಯಲಾದರೆ ನೌಕರಿ ಹೋಗುತ್ತಿತ್ತು. ಸಂತೆಯ ದಿನದ ಅವಸರ ಎನ್ನಬಹುದು. ಅಕ್ಕೋರು ಊರು ಬಿಟ್ಟು ಹೋಗಬಾರದು, ಗೋಡೆಯ ಆಚೆ ಆ ದನಿ ಇರಬೇಕು ಎಂಬ ಆಸೆಯೂ ಎನ್ನಬಹುದು. ಮೂರರಲ್ಲಿ ಯಾವುದು ನನ್ನ ಬಾಯಿಂದ ಮಾತಾಡಿತೋ ಅಲ್ಲಾಹನಿಗೇ ಗೊತ್ತು. ಅಕ್ಕೋರು ತಲೆಯಾಡಿಸಿ, ಚಪ್ಪಲಿ ಕೈಯಲ್ಲೇ ಹಿಡಿದು ಇಳಿದು ಹೋದರು.

ಸಂಜೆ ಕಂಪೌಂಡರು ಕಡೆಯ ಸೂಜಿಗೆ ಬಂದರು. ನಾನು ಗೋಡೆಯ ಈಚೆ ಕೂತಿದ್ದೆ, ನಿಲ್ಲಲು ಧೈರ್ಯವಾಗಲಿಲ್ಲ. ಅವರು ನೀರು ಕಾದಾವೇನ್ರಿ ಎಂದು ಕೇಳಲೇ ಇಲ್ಲ. ಅಕ್ಕೋರೇ ಮಾತಾಡಿದರು. ಶಾಲೆಯಲ್ಲಿ ಪಾಠ ಒಪ್ಪಿಸುವವರ ದನಿ. ‘ನೋಡಿ ಬಂದೇನ್ರಿ. ಆಕಿ ಹೊಳ್ಳಿ ಮನಿಗೆ ಹೋದಳ್ರಿ.’

ಆ ಹೆಂಗಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದೇ ಅವರ ಕೇಡು. ಏನು ಕಂಡರೋ ಅದನ್ನು ಹೇಳಿದರು. ಪೂರ್ತಿ ಚಿತ್ರ ನೋಡಿದ್ದ ಕಂಪೌಂಡರು ಅದು ಅಕ್ಕೋರ ಮನಸ್ಸಿನ ಉತ್ತರ ಎಂದುಕೊಂಡರು. ‘ನಿಮಗ ಹಂಗ ಕಂಡ್ರ, ಹಂಗ ರಿ’ ಅಂದರು. ಅವತ್ತು ಸೂಜಿ ಐದೇ ನಿಮಿಷ ಕುದಿಯಿತು.

ನಾನು ಎದ್ದು ಟಾಕೀಸಿಗೆ ಓಡಿದೆ. ಮೊಳೆಯಿಂದ ಕಡೆಯ ತುಂಡು ತೆಗೆದು ಸುರುಳಿ ಸುತ್ತಿದೆ. ಅಂಗೈ ತುಂಬುವಷ್ಟಾಯಿತು. ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಕ್ಕೋರ ಬಾಗಿಲಿಗೆ ಬಂದೆ. ಕಂಪೌಂಡರ ಸೈಕಲ್ಲು ಇರಲಿಲ್ಲ. ಅಕ್ಕೋರು ಬಾಗಿಲಿಗೆ ಬಂದರು. ಸೀರೆ ಬದಲಿಸಿದ್ದರು, ಕಣ್ಣು ಒಣಗಿತ್ತು. ಒಳಗೆ ಮುದುಕ ಯಾರು ಅದು ಎಂದು ಅರಚುತ್ತಿದ್ದ.

‘ಏನ್ ತಮ್ಮಾ?’

ಬಾಯಿ ತೆರೆದೆ. ನಿಮ್ಮ ಮಾತು ಕದ್ದು ಕೇಳಿದೆ, ಚಿತ್ರ ಕತ್ತರಿಸಿದೆ, ನಿಮಗೆ ಸುಳ್ಳು ಹೇಳಿದೆ. ಇವು ಮೂರನ್ನೂ ಒಟ್ಟಿಗೆ ಹೇಳಬೇಕಿತ್ತು. ‘ಏನಿಲ್ರಿ, ಅಮ್ಮ ಒಂದು ವಾಟಿ ಸಕ್ಕರಿ ಕೇಳ್ಯಾಳ’ ಅಂದೆ. ಅಕ್ಕೋರು ಒಳಗೆ ಹೋಗಿ ವಾಟಿ ತುಂಬ ಸಕ್ಕರೆ ತಂದುಕೊಟ್ಟರು. ಒಂದು ಕೈಯಲ್ಲಿ ಸಕ್ಕರೆ, ಒಂದು ಕೈಯಲ್ಲಿ ಆ ಸುರುಳಿ ಹಿಡಿದುಕೊಂಡು ಮನೆಗೆ ಬಂದೆ. ಎಂಥ ನಾಮರ್ದ ನಾನು!

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ಕಂಪೌಂಡರು ಕಿಟಕಿಯ ಪಕ್ಕ ಕೂತಿದ್ದರು, ತೊಡೆಯ ಮೇಲೆ ಸಿರಿಂಜಿನ ಸ್ಟೀಲ್ ಡಬ್ಬಿ. ಕಿಟಕಿಯ ಕೆಳಗೆ ನಿಂತು ‘ಸಾಹೇಬ್ರ’ ಅಂದೆ. ನನ್ನ ಎಡಕ್ಕೆ ಕಂಡಕ್ಟರು, ಬಲಕ್ಕೆ ಶೇಂಗಾ ಮಾರುವವನು, ಹಿಂದೆ ಅರ್ಧ ಇಂಡಿ. ಒಬ್ಬರ ಬಾಯಲ್ಲೂ ಎಳ್ಳು ನೆನೆಯುವುದಿಲ್ಲ. ಅಲ್ಲಿ ನಿಂತು ಶಾಲೆಯ ಅಕ್ಕೋರ ಹೆಸರು ಒಬ್ಬ ಗಂಡಸಿನ ಜೊತೆ ಎತ್ತಿದರೆ ಮಧ್ಯಾಹ್ನದೊಳಗೆ ಅವರು ಶಾಲೆಗೆ ಹೋಗುವ ಹಾಗಿರಲಿಲ್ಲ. ನಾನು ಬೀಳ್ಕೊಡಲು ಬಂದಿದ್ದೇನೆ ಎಂದು ತಿಳಿದು ಕಂಪೌಂಡರು ನಕ್ಕರು. ‘ಚಿತ್ರ ಛಲೋ ತಂದಿದ್ರಿ’ ಅಂದರು. ಬಸ್ಸು ಹೊರಟಿತು. ಧೂಳೆದ್ದಿತು. ಕಥೆಗೆಂದು ಕಟ್ಟಿ ಹೇಳುತ್ತಿಲ್ಲ, ಆಗ ಇಂಡಿಯಲ್ಲಿ ಯಾವ ಬಸ್ಸು ಹೊರಟರೂ ಧೂಳೇ ಏಳುತ್ತಿತ್ತು. ಅದು ಕೂರುವವರೆಗೂ ನಾನು ಅಲ್ಲೇ ನಿಂತಿದ್ದೆ.

ಉಳಿದ ತುಂಡುಗಳನ್ನು ಅಂಟಿಸಿ ಡಬ್ಬಿಯನ್ನು ಮುದ್ದೇಬಿಹಾಳಕ್ಕೆ ಕಳಿಸಿದೆ, ಕಡೆಯದೊಂದು ನನ್ನ ಹತ್ತಿರವೇ ಉಳಿಯಿತು. ಮುದ್ದೇಬಿಹಾಳದವರಿಗೂ ಅವಳು ಹೊಳ್ಳಿಯೇ ಹೋಗಿರಬೇಕು. ಬಾಗೇವಾಡಿಗೆ ದಿನಾ ಬಸ್ಸಿತ್ತು. ನಾನು ಹತ್ತಲಿಲ್ಲ.

ವರ್ಷದೊಳಗೆ ಕಂಪೌಂಡರ ಮದುವೆಯ ಕಾರ್ಡು ಬಂತು. ಅಕ್ಕೋರು ನಿಂತಲ್ಲೇ ಓದಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು ಎಂದು ಅಮ್ಮ ಹೇಳಿದಳು. ತಂದೆಗೆ ಸೂಜಿ ಮಾಡುವುದನ್ನು ಅವರೇ ಕಲಿತಿದ್ದರು. ಸಂಜೆ ಆಚೆ ನೀರು ಕುದಿಯುತ್ತಿತ್ತು, ಮಾತಿರಲಿಲ್ಲ. ಮುದುಕ ಇನ್ನೂ ಒಂಬತ್ತು ವರ್ಷ ಬದುಕಿದ. ಆಮೇಲೆ ಅಕ್ಕೋರು ತಾಯಿಯ ತವರು ತಂಗಡಗಿಗೆ ವರ್ಗ ಮಾಡಿಸಿಕೊಂಡು ಹೋದರು.

ಟಾಕೀಸು ಮುಚ್ಚಿದ ವರ್ಷ ನಾನು ತಂಗಡಗಿಗೆ ಹೋದೆ. ನನಗೂ ತಲೆ ನರೆತಿತ್ತು, ಮಕ್ಕಳು ಬೆಳೆದಿದ್ದರು. ಅಕ್ಕೋರು ನಿವೃತ್ತರಾಗಿ ಹೊಳೆಯ ಕಡೆ ಮುಖ ಮಾಡಿದ ಒಂದು ಖೋಲಿಯಲ್ಲಿದ್ದರು. ನೋಡಿದ ಕೂಡಲೆ ‘ತಮ್ಮಾ’ ಅಂದರು. ನಾನು ಕೂರುವ ಮೊದಲೇ ಕರವಸ್ತ್ರ ಬಿಚ್ಚಿ ಎಲ್ಲ ಹೇಳಿಬಿಟ್ಟೆ. ಗೋಡೆ, ಕತ್ತರಿ, ಮೆಟ್ಟಿಲು, ಬಸ್ ಸ್ಟ್ಯಾಂಡು. ಅವರು ಅಡ್ಡ ಬಾಯಿ ಹಾಕದೆ ಕೇಳಿದರು.

‘ಅಂದ್ರ ಅವತ್ತ ನೀ ಸಕ್ಕರಿಗೆ ಬಂದಿದ್ದಿಲ್ಲ’ ಅಂದರು.

ಆಮೇಲೆ ಕನ್ನಡಕ ಹಾಕಿಕೊಂಡು, ಸುರುಳಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಮಕ್ಕಳ ನೋಟುಬುಕ್ಕು ತಿದ್ದುವವರ ಹಾಗೆ ಒಂದೊಂದೇ ಚೌಕ ನೋಡಿದರು. ಬಸ್ಸು. ಧೂಳು. ಧೂಳು. ಕೊಡ. ಕಡೆಯವರೆಗೂ ನೋಡಿದರು.

‘ಕೊಡ ಐತಿ, ಆಕಿ ಇಲ್ಲ. ಹತ್ತಿದಳೋ, ಮನಿಗೆ ಹೋದಳೋ?’

‘ಗೊತ್ತಿಲ್ರಿ ಅಕ್ಕೋರ. ಅದನ್ನ ತೋರಸೂದಿಲ್ಲ.’

ಅವರು ಸುರುಳಿಯನ್ನು ನಿಧಾನಕ್ಕೆ ಮೊದಲಿನಂತೆ ಸುತ್ತಿ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಮುದುಕನ ಬಾಯಿಯ ಒಂದು ಬೈಗುಳವಾದರೂ ಅವರಿಗೆ ಬಂದಿದ್ದರೆ...

‘ಅವತ್ತ ಇಷ್ಟ ಹೇಳಿದ್ರ ಸಾಕಿತ್ತಲ್ಲ ತಮ್ಮಾ’ ಅಂದರು. ‘ಗೊತ್ತಿಲ್ಲ ಅಂದಿದ್ರ, ಉಳದದ್ದು ನಾ ಹೇಳ್ತಿದ್ದೆ.’

ಆಮೇಲೆ ಚಹಾ ಮಾಡಿಕೊಟ್ಟರು, ನನ್ನ ಮಕ್ಕಳ ಹೆಸರು ಕೇಳಿದರು, ಅಮ್ಮ ತೀರಿಕೊಂಡದ್ದಕ್ಕೆ ನೊಂದುಕೊಂಡರು. ಬಸ್ಸಿನ ಹೊತ್ತಾಯಿತೆಂದು ಅವರೇ ನೆನಪಿಸಿದರು. ಬಾಗಿಲವರೆಗೆ ಬಂದು ನಿಂತರು.

ಅಕ್ಕೋರು ಹೋಗಿ ಈಗ ಹದಿನಾಲ್ಕು ವರ್ಷವಾಯಿತು. ಮಣ್ಣಾಗಿ ಹತ್ತು ದಿನದ ಮೇಲೆ ನನಗೆ ಸುದ್ದಿ ತಿಳಿಯಿತು. ಸುರುಳಿ ಇನ್ನೂ ಟ್ರಂಕಿನಲ್ಲಿದೆ. ಮೊನ್ನೆ ಆ ವಾಸನೆ ಬಂದ ಮೇಲೆ ತೆಗೆದು ನೋಡಿದೆ. ಪದರಕ್ಕೆ ಪದರ ಅಂಟಿಕೊಂಡು ಒಂದೇ ಗಟ್ಟಿಯಾಗಿದೆ, ಹುಳಿ ವಾಸನೆ ಹೊಡೆಯುತ್ತದೆ, ಬಿಚ್ಚಲು ಹೋದರೆ ಬೆಲ್ಲದ ಹಾಗೆ ಮುರಿಯುತ್ತದೆ. ಮೊಮ್ಮಗಳು ಬೆರಳು ಒರೆಸಿಕೊಳ್ಳುತ್ತ ಬಂದು, ಇದೇನು ದಾದಾ ಎಂದು ಕೇಳಿದಳು. ಏನಿಲ್ಲ ಅಂದೆ. ನನ್ನ ಬಾಯಿಗೆ ಅದೊಂದೇ ಸಲೀಸು. ಗೊತ್ತಿಲ್ಲ ಎನ್ನುವ ಮಾತನ್ನು ಹೇಳಬೇಕಾದ ದಿನ ಹೇಳಲಿಲ್ಲ, ಈಗ ಅದನ್ನು ಕೇಳುವವರಿಲ್ಲ.